ಕತೆಗೊಬ್ಬ ಕಳ್ಳ ಬೇಕು

"ಒಂದೂರಲ್ಲಿ ಒಬ್ಬ ಗಿರಣಿಯವ್ನು ಇದ್ದ. ಅವ್ನು ದಿನಾ ಜನರ ಹಿಟ್ಟು ಕದೀತಿದ್ದ..."

"ಏಯ್ ಪುಟ್ಟಿ! ಯಾರ್ ಬಗ್ಗೆ ಹೇಳ್ತಿದ್ದೀಯ?" ಪಕ್ಕದ ಕುದುರೆಯ ಮೇಲಿಂದ ಹ್ಯಾಮೊ ಗುಡುಗಿದ. ಅವನು ಗಿರಣಿಯವನು. ಸಿಟ್ಟು ಬರುವ ಮೊದಲೇ ಅವನ ಮೂಗು ಕೆಂಪಾಗುತ್ತದೆ.

ಆವಿಸ್ ನಾಲಿಗೆ ಕಚ್ಚಿಕೊಂಡಳು. ಕ್ಯಾಂಟರ್ಬರಿಗೆ ಯಾತ್ರೆ ಹೊರಟವರಲ್ಲಿ ಅವಳೇ ಚಿಕ್ಕವಳು. ದಾರಿಯಲ್ಲಿ ಎಲ್ಲರೂ ಒಂದೊಂದು ಕತೆ ಹೇಳಬೇಕು. ಹೇಳದವರಿಗೆ ಸಂಜೆ ಛತ್ರದಲ್ಲಿ ಸೇಬಿನ ಪೈ ಇಲ್ಲ. ಬೆಳಗ್ಗೆಯಿಂದ ಒಣರೊಟ್ಟಿ ಅಗಿದು ಅವಳ ದವಡೆ ನೋಯುತ್ತಿತ್ತು. ಪೈ ಬೇಕೇ ಬೇಕು.

"ಗಿರಣಿಯವ್ನಲ್ಲ, ಹ್ಯಾಮೊ ಮಾವ. ದಣಿಗಳ ಕಣಜ ಕಾಯೋನು. ಅವ್ನು ಗೋಧಿ ಮೂಟೆ..."

"ನಿಲ್ಸು, ನಿಲ್ಸು!" ಎಂದು ಕಿರುಚಿದ ಜರ್ವಿಸ್. ದಣಿಗಳ ಕಣಜ ಕಾಯುವವನು ಅವನೇ. "ಇಷ್ಟುದ್ದ ಇಲ್ಲ, ಮಾತು ನೋಡು!"

"ಹಾಗಾದ್ರೆ ಒಬ್ರು ಸನ್ಯಾಸಿ..."

ಮುಂದಿದ್ದ ದಪ್ಪ ಸನ್ಯಾಸಿ ಜೋರಾಗಿ ಕೆಮ್ಮಿದರು.

"ಸನ್ಯಾಸಿನೂ ಅಲ್ಲ!"

ಆವಿಸ್ ಕೂತಿದ್ದ ಕತ್ತೆಯ ಮೇಲೆಯೇ ಅವಳ ಹಿಂದೆ ಕೂತಿದ್ದ ಚಿಕ್ಕಮ್ಮ ಪಿಸುಗುಟ್ಟಿದಳು. "ಅಯ್ಯೋ, ಕಳ್ಳನೇ ಇಲ್ದಿರೋ ಕತೆ ಹೇಳೇ!"

"ಕಳ್ಳ ಇಲ್ದಿದ್ರೆ ಕತೆ ಮುಂದಕ್ಕೇ ಹೋಗಲ್ಲ ಚಿಕ್ಕಮ್ಮ!"

ಆವಿಸ್‌ಗೆ ಅಳುವೇ ಬಂತು. ಅಷ್ಟರಲ್ಲಿ ಹುಲ್ಲಿನಿಂದ ಇಲಿಯೊಂದು ಹೊರಬಂದು ಪುಸಕ್ಕನೆ ದಾರಿ ದಾಟಿತು.

"ಒಂದೂರಲ್ಲಿ ಒಂದು ಇಲಿ ಇತ್ತು!"

ಯಾರೂ ತಕರಾರು ಮಾಡಲಿಲ್ಲ. ಇಲಿ ಗಿರಣಿಗೆ ನುಗ್ಗಿ ಹಿಟ್ಟು ಮುಕ್ಕಿತು. ಕಣಜಕ್ಕೆ ನುಗ್ಗಿ ಗೋಧಿ ಮುಕ್ಕಿತು. ಮಠದಲ್ಲಿ ಬೆಣ್ಣೆ ನೆಕ್ಕಿ, ಮೀಸೆ ಒರೆಸಿಕೊಂಡು ಪ್ರಾರ್ಥನೆಗೆ ಕೂತಿತು. ಕೊನೆಗೆ ಹೊಟ್ಟೆ ಊದಿಕೊಂಡು ತನ್ನ ಬಿಲದ ಬಾಯಲ್ಲೇ ಸಿಕ್ಕಿಹಾಕಿಕೊಂಡಿತು. "ಕಿಚ್! ಕಿಚ್!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಹ್ಯಾಮೊ ಜರ್ವಿಸನನ್ನು ನೋಡಿ ನಕ್ಕ. ಜರ್ವಿಸ್ ಸನ್ಯಾಸಿಯನ್ನು ನೋಡಿ ನಕ್ಕ. ಸನ್ಯಾಸಿ ಹ್ಯಾಮೊನನ್ನು ನೋಡಿ ಹೊಟ್ಟೆ ಹಿಡಿದುಕೊಂಡರು. ಇದೊಳ್ಳೆ ತಮಾಷೆ ಅನ್ನಿಸಿತು ಆವಿಸ್‌ಗೆ. ಇಲಿ ಯಾವಾಗಲೂ ಪಕ್ಕದವರೇ!

ಸಂಜೆ ಛತ್ರದಲ್ಲಿ ಹ್ಯಾಮೊನೇ ಪೈ ಕತ್ತರಿಸಿ ಹಂಚಿದ. ಎಲ್ಲಕ್ಕಿಂತ ದೊಡ್ಡ ತುಂಡನ್ನು ಮೆಲ್ಲಗೆ ತನ್ನ ಕಡೆಗೆ ಸರಿಸಿಕೊಂಡ.

"ಕಿಚ್," ಎಂದಳು ಆವಿಸ್.

ಹ್ಯಾಮೊನ ಕೈ ಅಲ್ಲೇ ನಿಂತಿತು. ಮೂಗು ಕೆಂಪಾಯಿತು. ಆಮೇಲೆ ಅವನೇ ಗೊಳ್ಳನೆ ನಕ್ಕು, ಆ ತುಂಡನ್ನು ಅವಳತ್ತ ತಳ್ಳಿದ. "ತಗೊಳ್ಳೇ ತಾಯಿ, ನೀನೇ ಗೆದ್ದೆ!"

ಆವಿಸ್ ಅದನ್ನು ಎರಡೂ ಕೈಯಲ್ಲಿ ಎತ್ತಿ ದೊಡ್ಡದಾಗಿ ಬಾಯಿ ತೆರೆದಳು. ಪಕ್ಕದಲ್ಲಿ ಚಿಕ್ಕಮ್ಮನ ಪಾಲಿಗೆ ಸೇಬೇ ಇಲ್ಲದ ಅಂಚು ಬಂದಿತ್ತು. ಚಿಕ್ಕಮ್ಮ ಅದನ್ನೇ ಅಗಿಯತೊಡಗಿದಳು. ಈ ಸಲ ಯಾರೂ "ಕಿಚ್" ಅನ್ನಲಿಲ್ಲ.

ಆದರೂ ಆವಿಸ್‌ಗೆ ಎಲ್ಲೋ ತೀರಾ ಹತ್ತಿರದಲ್ಲೇ "ಕಿಚ್" ಎಂದು ಕೇಳಿಸಿತು. ಅವಳು ಬಾಯಿ ಮುಚ್ಚಿ, ತುಂಡನ್ನು ಎರಡಾಗಿ ಮುರಿದಳು.