ಬಾನೆಟ್ಟಿನೊಳಗೊಂದು ಒಣಮೀನು

"ಬೊಟ್ಟೆ ಬಂತೂ ಬೊಟ್ಟೆ! ತಾಜಾ ಬೊಟ್ಟೆ!"

ವ್ಯಾನು ನಿಂತುಹೋಗಿತ್ತು. ಆದರೆ ಅದರ ನೆತ್ತಿಯ ಮೇಲಿದ್ದ ಮೈಕಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಅದು ಕೂಗುತ್ತಲೇ ಇತ್ತು.

ಅದು ದಾಸೋಮ್‌ಳ ಅಪ್ಪನ ದನಿ. ರೆಕಾರ್ಡ್ ಮಾಡಿದ ದಿನ ಅಪ್ಪನಿಗೆ ಜೋರು ನೆಗಡಿ. ಕಟ್ಟಿದ ಮೂಗಿನಲ್ಲಿ ಮೊಟ್ಟೆ ಹೋಗಿ ಬೊಟ್ಟೆ ಆಗಿತ್ತು. ನೆಗಡಿ ವಾಸಿಯಾದರೂ ಅಪ್ಪ ಅದನ್ನು ಬದಲಾಯಿಸಲಿಲ್ಲ. "ಜನ ಬೊಟ್ಟೆಗೆ ಒಗ್ಗಿಬಿಟ್ಟಿದ್ದಾರೆ ಕಣೇ" ಎನ್ನುತ್ತಿದ್ದ.

ಅಪ್ಪ ಕೀ ತಿರುಗಿಸಿದ. ವಿಂಯ್‌ವಿಂಯ್‌ವಿಂಯ್. ಮತ್ತೆ ತಿರುಗಿಸಿದ. ವಿಂಯ್‌ವಿಂಯ್‌ವಿಂಯ್. ಎಂಜಿನ್ ಏಳಲಿಲ್ಲ.

ವ್ಯಾನು ನಿಂತದ್ದು ಊರಿನ ಸಾರ್ವಜನಿಕ ಸ್ನಾನದ ಮನೆಯ ಎದುರಿಗೇ. ಶನಿವಾರ ಬೇರೆ. ಒಳಗಿಂದ ಹೆಂಗಸರು ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು, ಕೆಂಪು ಕೆನ್ನೆ ಹೊತ್ತುಕೊಂಡು ಹೊರಗೆ ಬಂದರು.

"ಏನಪ್ಪಾ ಬೊಟ್ಟೆ, ಗಾಡಿಗೂ ನೆಗಡೀನಾ?" ಎಂದಳು ಒಬ್ಬಳು.

"ಸ್ವಲ್ಪ ಹೊಗೆನಾದ್ರೂ ಬಿಟ್ಟಿದ್ರೆ ಇಲ್ಲೇ ಮೊಟ್ಟೆ ಬೇಯಿಸ್ಕೊಂಡು ತಿಂತಿದ್ವಿ" ಎಂದಳು ಇನ್ನೊಬ್ಬಳು.

ಅಪ್ಪ ಹಲ್ಲು ಕಿರಿದ. ಮೈಕ್ ಆಫ್ ಮಾಡಿ ದೂಹೋ ಚಿಕ್ಕಪ್ಪನಿಗೆ ಫೋನ್ ಹಚ್ಚಿದ. ದೂಹೋ ಸ್ವಂತ ಚಿಕ್ಕಪ್ಪನೇನಲ್ಲ. ಶಾಲೆಯಲ್ಲಿ ಅಪ್ಪನಿಗಿಂತ ಒಂದು ಕ್ಲಾಸ್ ಹಿಂದಿದ್ದವನು, ಈಗ ಸೇತುವೆಯ ಪಕ್ಕ ಗ್ಯಾರೇಜ್ ಇಟ್ಟಿದ್ದಾನೆ.

"ಲೋ ದೂಹೋ, ಗಾಡಿ ನಿಂತೋಯ್ತು ಕಣೋ."

"ಹೆಂಗೆ ನಿಂತ್ಕೊಂತು ಅಣ್ಣ? ಏನು ಸೌಂಡ್ ಬಂತು?"

"ಸೌಂಡಾ? ಅದೇ... ನಿಂತ್ಕೊಳ್ಳೋ ಸೌಂಡು."

"ಅಯ್ಯೋ ಅಣ್ಣ, ಪಕ್ಕದಲ್ಲಿ ದಾಸೋಮ್ ಇದ್ರೆ ಅವಳಿಗೆ ಕೊಡಿ."

ದಾಸೋಮ್ ಇದ್ದಳು. ಶನಿವಾರ ಅವಳು ವ್ಯಾನು ಬಿಟ್ಟು ಎಲ್ಲೂ ಹೋಗುತ್ತಿರಲಿಲ್ಲ. ಅವಳ ಗಂಟಲಿನಲ್ಲಿ ಇಡೀ ಊರೇ ಇತ್ತು. ಗಣಿತದ ಮೇಷ್ಟ್ರ ಕೆಮ್ಮು, ಪಕ್ಕದ ಮನೆಯ ನಾಯಿಯ ಆಕಳಿಕೆ, ಬಸ್ಸಿನ ಬಾಗಿಲು ಎಲ್ಲವನ್ನೂ ಮಾಡಿ ತೋರಿಸುತ್ತಿದ್ದಳು. ಕ್ಲಾಸಿನಲ್ಲಿ ಒಮ್ಮೆ ಬೆಲ್ ಹೊಡೆಯುವ ಮೊದಲೇ ಬೆಲ್ ಹೊಡೆದು ಬಾಗಿಲ ಹೊರಗೆ ನಿಂತದ್ದೂ ಉಂಟು.

ಫೋನ್ ಹಿಡಿದು ಗಂಟಲು ಸರಿಮಾಡಿಕೊಂಡಳು.

"ಡುಗುಡುಗುಡುಗು... ಫಟ್! ಆಮೇಲೆ ಏನೂ ಇಲ್ಲ. ಕೀ ತಿರುಗಿಸಿದ್ರೆ ವಿಂಯ್‌ವಿಂಯ್‌ವಿಂಯ್."

"ದಿನಾ ಹೆಂಗೆ ಬರುತ್ತೆ?"

"ಗುರ್ರ್... ಗುರ್ರ್... ಗುರ್ರ್... ಡುಗುಡುಗು."

"ಅಂದ್ರೆ ಈಗ ಭಾರನೇ ಇಲ್ಲದೆ ತಿರುಗ್ತಾ ಇದೆ" ಎಂದ ದೂಹೋ. ಅವನ ದನಿ ಇಳಿಯಿತು. "ಟೈಮಿಂಗ್ ಬೆಲ್ಟ್ ಹರಿದಿದೆ."

"ಬೆಲ್ಟಾ? ಎಂಜಿನ್ನು ಪ್ಯಾಂಟ್ ಹಾಕ್ಕೊಳುತ್ತಾ?"

"ಹಾಕ್ಕೊಂಡಿದ್ರೆ ಈಗ ಜಾರಿ ಬಿದ್ದಿರ್ತಿತ್ತು ಪುಟ್ಟಿ. ನೀನು ಹಬ್ಬದಲ್ಲಿ ಹಲಗೆ ಮೇಲೆ ನೆಗೆಯೋ ಆಟ ಆಡ್ತೀಯಲ್ಲ? ಒಬ್ರು ಮೇಲೆ ಹೋದಾಗ ಇನ್ನೊಬ್ರು ಕೆಳಗೆ. ಎಂಜಿನ್ ಒಳಗೂ ಹಂಗೇ. ಕೆಳಗಿಂದ ಪಿಸ್ಟನ್ ಬರೋವಾಗ ಮೇಲಿರೋ ವಾಲ್ವ್ ಪಕ್ಕಕ್ಕೆ ಸರೀಬೇಕು. ಆ ತಾಳ ಹಿಡಿಯೋದು ಬೆಲ್ಟು. ಅದು ಹರಿದ್ರೆ?"

"ತಲೆಗೆ ತಲೆ ಡಿಕ್ಕಿ."

"ಡಿಕ್ಕಿ ಆಗಿದ್ರೆ ವಾಲ್ವ್ ಬಾಗಿರುತ್ತೆ. ಆಗದೇ ಇದ್ರೆ ಹೊಸ ಬೆಲ್ಟ್ ಹಾಕಿದ್ರೆ ಆಯ್ತು."

ಅಪ್ಪ ಕಿವಿ ಹತ್ತಿರ ತಂದಿದ್ದ. "ಬಾಗಿದ್ರೆ ಈ ಮುದಿ ಗಾಡಿ ಸೀದಾ ಗುಜರಿಗೆ ಅನ್ನು" ಎಂದ. ನಗುತ್ತಲೇ ಹೇಳಿದ. ಆದರೆ ಅವನ ಕೈ ಸ್ಟೀರಿಂಗನ್ನು ಸವರುತ್ತಿತ್ತು. ವ್ಯಾನಿಲ್ಲದೆ ಮೊಟ್ಟೆಯಿಲ್ಲ, ಮೊಟ್ಟೆಯಿಲ್ಲದೆ ಅಪ್ಪನಿಗೆ ಕೆಲಸವಿಲ್ಲ.

"ದಾಸೋಮ್, ಈ ವಾರ ಬೇರೆ ಏನಾದ್ರೂ ಹೊಸ ಸದ್ದು ಬರ್ತಿತ್ತಾ?" ದೂಹೋ ಕೇಳಿದ.

"ಓ ಬರ್ತಿತ್ತು. ಸ್ಸ್ಸ್-ಟಪ್. ಸ್ಸ್ಸ್-ಟಪ್. ದಾರದ ತುದಿ ಹೊಡ್ಕೊಂಡ ಹಾಗೆ—"

ದಾಸೋಮ್ ಅಲ್ಲಿಗೇ ನಿಲ್ಲಿಸಿದಳು. ಅವಳ ಎದೆ ಒಮ್ಮೆ ಟಪ್ ಎಂದಿತು.

ದೂಹೋ ತನ್ನ ಟ್ರಕ್ ತಂದು ವ್ಯಾನಿಗೆ ಹಗ್ಗ ಕಟ್ಟಿದ. ಮೊಟ್ಟೆ ಒಡೆಯದಂತೆ ಆಮೆಯ ಹಾಗೆ ಎಳೆದುಕೊಂಡು ಹೊರಟ. ದಾಸೋಮ್ ಅಪ್ಪನ ಪಕ್ಕ ಕೂತಿದ್ದಳು. ಅವಳ ಕಣ್ಣು ಬಾನೆಟ್ಟಿನ ಮೇಲೇ ಇತ್ತು.

ವ್ಯಾನು ಮನೆಗೆ ಬಂದ ದಿನ ಅಜ್ಜಿ ಪೂಜೆ ಮಾಡಿದ್ದಳು. ನಾಲ್ಕು ಚಕ್ರಕ್ಕೂ ಅಕ್ಕಿಯ ಹೆಂಡ ಸುರಿದಳು. ಬಾಯಿ ತೆರೆದ ಒಂದು ಒಣಮೀನಿಗೆ ಬಿಳಿ ದಾರದ ಲಡಿ ಸುತ್ತಿ ವ್ಯಾನಿನೊಳಗೆ ಕಟ್ಟಲು ಹೋದಳು. ದಾರ ಉದ್ದ ಇದ್ದಷ್ಟೂ ಆಯುಸ್ಸು ಉದ್ದ, ಮೀನಿನ ಕಣ್ಣು ತೆರೆದಿದ್ದರೆ ಅಪಾಯ ಹತ್ತಿರ ಬರಲ್ಲ ಅಂತ ಅವಳ ಲೆಕ್ಕ. "ಮೊಟ್ಟೆಗೆ ಮೀನು ವಾಸ್ನೆ ಹೊಡೆದ್ರೆ ಯಾರಮ್ಮ ತಗೋತಾರೆ?" ಎಂದು ಅಪ್ಪ ಬೇಡವೆಂದ. ಮೀನು ಮನೆಯ ಬಾಗಿಲ ಮೇಲೆ ಹೋಗಿ ಕೂತಿತು.

ಆಮೇಲೆ ದಾಸೋಮ್ ಒಂದು ವಿಷಯ ಗಮನಿಸಿದ್ದಳು. ನಸುಕಿನಲ್ಲಿ ಅಪ್ಪ ಘಾಟಿ ದಾಟಿ ಕೋಳಿ ಫಾರಂಗೆ ಹೊರಟರೆ ಅಜ್ಜಿ ಎದ್ದು ಕೂರುತ್ತಾಳೆ. ಕಿಟಕಿಯ ಹತ್ತಿರ, ಮೊಣಕಾಲು ತಬ್ಬಿಕೊಂಡು. ವ್ಯಾನು ಹಿಂದಕ್ಕೆ ಬರುವವರೆಗೂ ಅಲ್ಲೇ.

ಹಾಗಾಗಿ ಕಳೆದ ವಾರ ದಾಸೋಮ್ ಯಾರಿಗೂ ಹೇಳದೆ ಸ್ಟೂಲ್ ಹತ್ತಿದಳು. ಮೀನನ್ನು ಇಳಿಸಿ ಬಾನೆಟ್ಟಿನ ಒಳಗೆ ಕಟ್ಟಿದಳು. ಅಲ್ಲಾದರೆ ವಾಸನೆ ಮೊಟ್ಟೆಗೆ ಬರಲ್ಲವಲ್ಲ!

ಗ್ಯಾರೇಜಿನಲ್ಲಿ ದೂಹೋ ಬಾನೆಟ್ ಎತ್ತಿದ. ಎತ್ತಿದವನೇ ಒಂದು ಹೆಜ್ಜೆ ಹಿಂದಕ್ಕೆ ಹಾರಿದ.

"ಅಮ್ಮಾ! ಅಣ್ಣ, ಇದ್ಯಾರು?"

ಮಸಿ ಹಿಡಿದ ಒಣಮೀನು ಬಾಯಿ ತೆರೆದು ಅವನನ್ನೇ ನೋಡುತ್ತಿತ್ತು. ಅದರ ಸುತ್ತ ಇದ್ದ ದಾರ ಬಿಚ್ಚಿಕೊಂಡು, ಒಂದು ಮುರಿದ ಮುಚ್ಚಳದ ಸಂದಿಯಿಂದ ಎಂಜಿನ್ ಒಳಗೆ ಹೋಗಿತ್ತು.

"ಇಲಿ ನೋಡಿದ್ದೀನಿ, ಬೆಕ್ಕಿನ ಮರಿ ನೋಡಿದ್ದೀನಿ. ಮೀನು ಬಂದು ರಿಪೇರಿಗೆ ಕೂತಿದ್ದು ಇದೇ ಫಸ್ಟು!"

ಅಪ್ಪನಿಗೆ ನಗು ಬರಲಿಲ್ಲ. "ಅಮ್ಮನ ಕೆಲ್ಸ" ಎಂದು ಫೋನ್ ತೆಗೆದ.

"ಅಜ್ಜಿ ಅಲ್ಲ, ನಾನು" ಎಂದಳು ದಾಸೋಮ್.

"ಯಾಕೆ?"

"ಅಜ್ಜಿ ನಿದ್ದೆ ಮಾಡಲ್ಲ ಅಪ್ಪ. ನೀನು ಘಾಟಿ ಹತ್ತೋಕೆ ಹೋದ್ರೆ ಎದ್ದು ಕೂತ್ಕೋತಾಳೆ. ನೀನು ಬರೋವರೆಗೂ. ಮೀನು ಕಟ್ಟಿದ್ರೆ ಮಲಗ್ತಾಳೆ ಅಂದ್ಕೊಂಡೆ. ಕಟ್ಟಿದ್ಮೇಲೆ ಅವಳೊಬ್ಬಳ ಕಿವೀಲಿ ಹೇಳಿದೆ ಕೂಡ. ನಕ್ಕಳು. ಆದ್ರೂ ಮಾರನೆ ದಿನ ಎದ್ದು ಕೂತಿದ್ಲು."

ಅಪ್ಪ ಫೋನನ್ನು ಜೇಬಿಗೆ ಹಾಕಿಕೊಂಡ. ಮತ್ತೆ ತೆಗೆದ. ಮತ್ತೆ ಹಾಕಿಕೊಂಡ.

"ದಿನಾನಾ?" ಎಂದ ಕೊನೆಗೆ.

"ದಿನಾ."

ಅಷ್ಟರಲ್ಲಿ ದೂಹೋ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ, ಹರಿದ ಬೆಲ್ಟನ್ನು ಎಳೆದು ತೆಗೆದ. ಒಳಮೈಯಲ್ಲಿ ಬಾಚಣಿಗೆಯ ಹಾಗೆ ಹಲ್ಲುಗಳಿರಬೇಕಿತ್ತು. ಅರ್ಧಕ್ಕರ್ಧ ಬೋಳಾಗಿತ್ತು. ಹಲ್ಲಿನ ಚಕ್ರಕ್ಕೆ ದಾರ ಬಿಗಿಯಾಗಿ ಸುತ್ತಿಕೊಂಡಿತ್ತು.

"ಗಂಟು ಹೆಂಗೆ ಹಾಕಿದ್ದೆ?"

"ಶೂ ಲೇಸ್ ಥರ."

"ಅದಕ್ಕೇ ಬಿಚ್ಕೊಂಡಿದೆ." ದೂಹೋ ಬೆಲ್ಟನ್ನು ಬಗ್ಗಿಸಿ ಬೆಳಕಿಗೆ ಹಿಡಿದ. "ಆದ್ರೆ ಅಣ್ಣ, ನೋಡಿ, ಎಲ್ಲಾ ಕಡೆ ಬಿರುಕು. ತಗೊಂಡ ದಿನಾನೇ ಬೆಲ್ಟು, ಮುಚ್ಚಳ ಎರಡೂ ಬದಲಾಯ್ಸಿ ಅಂತ ನಾನು ಹೇಳಿದ್ನೋ ಇಲ್ವೋ?"

"ಹೇಳಿದ್ದೆ" ಎಂದ ಅಪ್ಪ.

"ನೀವೇನಂದ್ರಿ?"

"ಆಮೇಲೆ ನೋಡೋಣ ಅಂದೆ."

"ಹಂಗಾದ್ರೆ ಮೀನಿನ ಜೊತೆ ನೀವೂ ಆ ಮೂಲೇಲಿ ಕೂತ್ಕೊಳ್ಳಿ."

ಅಪ್ಪ ನಿಜಕ್ಕೂ ಹೋಗಿ ಮೂಲೆಯ ಸ್ಟೂಲಿನ ಮೇಲೆ ಕೂತ. ದಾಸೋಮ್‌ಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಅಂಗಡಿಯಿಂದ ಹೊಸ ಬೆಲ್ಟು ಸ್ಕೂಟರಿನಲ್ಲಿ ಬಂತು. ದೂಹೋ ಚಿಮಟದಲ್ಲಿ ದಾರದ ಒಂದೊಂದು ಎಳೆಯನ್ನೂ ಕಿತ್ತ. ಮೇಲಿನ ಚಕ್ರದ ಗುರುತು ಮೇಲಕ್ಕೆ, ಕೆಳಗಿನ ಚಕ್ರದ ಗುರುತು ಅದರ ಜಾಗಕ್ಕೆ ತಂದ. "ಒಂದು ಹಲ್ಲು ಆಚೀಚೆ ಆದ್ರೂ ತಾಳ ತಪ್ಪುತ್ತೆ" ಎನ್ನುತ್ತಾ ಬೆಲ್ಟು ತೊಡಿಸಿ ಬಿಗಿ ಮಾಡಿದ.

"ಸ್ಟಾರ್ಟ್ ಮಾಡೋಣ್ವಾ?" ಅಪ್ಪ ಮೂಲೆಯಿಂದಲೇ ಎದ್ದ.

"ಕೂತ್ಕೊಳ್ಳಿ ಅಣ್ಣ! ಮೊದ್ಲು ಕೈಯಲ್ಲಿ ತಿರುಗಿಸ್ಬೇಕು. ದಾಸೋಮ್, ಬಾ ಇಲ್ಲಿ. ನನ್ನ ಕಿವಿ ಸುತ್ತಿಗೆ ಸದ್ದಿಗೆ ಸವೆದುಹೋಗಿದೆ."

ಅವನು ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಮುಟ್ಟಿಸಿ, ಹಿಡಿಯನ್ನು ಅವಳ ಕಿವಿಗೆ ಇಟ್ಟ.

"ಪಿಸ್ಟನ್ ಮೇಲೆ ಬಂದಾಗ ನನ್ನ ಸ್ಪ್ಯಾನರ್ ಬಿಗಿ ಆಗ್ಬೇಕು. ಹಂಗಾಗದೆ ಒಳಗೆ ಉಸ್ ಅಂತ ಗಾಳಿ ಸೋರಿದ್ರೆ ವಾಲ್ವ್ ಬಾಗಿದೆ ಅಂತ ಅರ್ಥ. ಉಸಿರು ಬಿಡ್ಬೇಡ."

ದೂಹೋ ಸ್ಪ್ಯಾನರ್ ಒತ್ತಿದ. ಅವನ ತೋಳು ಉಬ್ಬಿತು. ಬಿಗಿ. ದಾಸೋಮ್ ಕಣ್ಣು ಮುಚ್ಚಿದಳು. ಒಳಗೆ ಎಣ್ಣೆ ಜಾರುವ ಸದ್ದು ಬಿಟ್ಟು ಬೇರೇನಿಲ್ಲ. ಎರಡನೆಯ ಪಿಸ್ಟನ್. ಬಿಗಿ. ಮೂರನೆಯದು.

"ಉಸ್ಸ್..."

ದಾಸೋಮ್ ಬೆಚ್ಚಿ ಕಣ್ಣು ಬಿಟ್ಟಳು. ದೂಹೋ ಕೈ ನಿಲ್ಲಿಸಿದ.

"ಸಾರಿ, ನಾನು" ಎಂದ ಅಪ್ಪ ಹಿಂದಿನಿಂದ. "ಉಸಿರು ಹಿಡಿದು ಸಾಕಾಯ್ತು."

"ಅಪ್ಪಾ!"

"ಅಣ್ಣ, ನಿಮ್ಮ ವಾಲ್ವ್ ಮುಚ್ಕೊಳ್ಳಿ!"

ನಾಲ್ಕನೆಯದೂ ಬಿಗಿ. ದೂಹೋ ಇನ್ನೊಂದು ಸುತ್ತು ತಿರುಗಿಸಿದ. ಎಲ್ಲೂ ಸೋರಲಿಲ್ಲ.

"ಮೊಟ್ಟೆ ಮಾರ್ತಾ ನಡೆಯೋ ಸ್ಪೀಡಲ್ಲಿ ಹೋಗ್ತಿದ್ರಲ್ಲ, ಅದಕ್ಕೇ ಉಳ್ಕೊಂಡಿದೆ" ಎಂದ ದೂಹೋ. "ಘಾಟೀಲಿ ಜೋರಾಗಿ ಹೋಗುವಾಗ ಹರಿದಿದ್ರೆ..." ಮಾತು ಮುಗಿಸದೆ ಕೀಯನ್ನು ಅಪ್ಪನ ಕಡೆ ಎಸೆದ.

ಗುರ್ರ್... ಗುರ್ರ್... ಡುಗುಡುಗುಡುಗು!

ದಾಸೋಮ್ ಕುಣಿದಳು. ಅಪ್ಪ ಸಂಭ್ರಮದಲ್ಲಿ ತಪ್ಪು ಬಟನ್ ಒತ್ತಿದ. "ಬೊಟ್ಟೆ ಬಂತೂ ಬೊಟ್ಟೆ!" ಎಂದು ಮೈಕು ಗ್ಯಾರೇಜೇ ಹಾರಿಹೋಗುವಂತೆ ಕಿರುಚಿತು.

ಸಂಜೆ ಮನೆಯಲ್ಲಿ ದಾಸೋಮ್ ನಡೆದದ್ದನ್ನೆಲ್ಲ ಅಜ್ಜಿಗೆ ಹೇಳಿದಳು, ಒಂದು ಸದ್ದನ್ನೂ ತಪ್ಪಿಸದೆ. ಅಜ್ಜಿ ಬೈಯಲಿಲ್ಲ.

"ಶೂ ಲೇಸ್ ಗಂಟು ಹಾಕಿದ್ಯಾ ನನ್ನ ಮುದ್ದು ನಾಯಿಮರಿ? ಅಯ್ಯೋ ಮಂಕೇ!" ಎಂದು ಅವಳ ಬೆನ್ನಿಗೊಂದು ಹಗುರಾಗಿ ಹೊಡೆದಳು. "ನನ್ನ ಕೇಳಿದ್ರೆ ಗಟ್ಟಿ ಗಂಟು ಹೇಳ್ಕೊಡ್ತಿದ್ನಲ್ಲ."

"ಅಮ್ಮ, ನಾನು ಹೋದ್ಮೇಲೆ ದಿನಾ ಎದ್ದು ಕೂತಿರ್ತೀಯಂತೆ?" ಅಪ್ಪ ಕೇಳಿದ.

"ಯಾರು ಹೇಳಿದ್ದು? ವಯಸ್ಸಾದೋರಿಗೆ ನಿದ್ದೆ ಕಮ್ಮಿ. ನೀನು ಊಟ ಮಾಡು" ಎಂದು ಅಜ್ಜಿ ಸಾರಿನ ಬಟ್ಟಲನ್ನು ಅವನ ಮುಂದೆ ತಳ್ಳಿದಳು.

ಸೋಮವಾರ ನಸುಕಿನಲ್ಲಿ ವ್ಯಾನು ಹೊರಟಿತು. ದಾಸೋಮ್ ಹೊದಿಕೆಯೊಳಗಿಂದಲೇ ಅದರ ಸದ್ದು ದೂರವಾಗುವುದನ್ನು ಕೇಳಿಸಿಕೊಂಡಳು. ಪಕ್ಕದಲ್ಲಿ ಅಜ್ಜಿ ಎದ್ದು ಕೂತಳು. ಕಿಟಕಿಯಲ್ಲಿ ಬರೀ ಮಂಜು.

ತುಂಬ ಹೊತ್ತಾದ ಮೇಲೆ ಅಜ್ಜಿಯ ಫೋನು ಬಡಿದುಕೊಂಡಿತು. ಅಜ್ಜಿ ತಡಕಾಡಿ ಎತ್ತಿದಳು.

"ಅಮ್ಮ, ಘಾಟಿ ಇಳಿದೆ. ಫಾರಂ ಲೈಟು ಕಾಣ್ತಿದೆ." ಅಪ್ಪನ ದನಿ ಫೋನಿನಿಂದ ಹೊರಗೂ ಕೇಳುತ್ತಿತ್ತು.

"ಇದನ್ನ ಹೇಳೋಕೆ ಫೋನ್ ಮಾಡ್ಬೇಕಾ? ನೀನೇನು ಎಳೆ ಮಗುನಾ? ಇಡು, ಇಡು" ಎಂದು ಅಜ್ಜಿ ಗದರಿದಳು.

ಫೋನ್ ಕೆಳಗಿಟ್ಟಳು. ಆಮೇಲೆ ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ಒಂದು ಗೊರಕೆ ಬಂತು. ಅದರ ಹಿಂದೆ ಇನ್ನೊಂದು.

ದಾಸೋಮ್ ಕಣ್ಣು ಬಿಟ್ಟುಕೊಂಡೇ ಅದನ್ನು ಕೇಳಿದಳು. ಈ ಹೊತ್ತಿನಲ್ಲಿ ಅಜ್ಜಿಯ ಗೊರಕೆಯನ್ನು ಅವಳು ಯಾವತ್ತೂ ಕೇಳಿರಲಿಲ್ಲ.

ಶಾಲೆಗೆ ಎಬ್ಬಿಸುವ ಅಲಾರಂ ಇನ್ನೇನು ಬಾಯಿ ತೆರೆಯುವುದರಲ್ಲಿತ್ತು. ಅವಳು ಮೆಲ್ಲಗೆ ಕೈ ಚಾಚಿ ಅದರ ತಲೆ ಅಮುಕಿದಳು. ಸಾಕ್ಸನ್ನು ಕೈಯಲ್ಲಿ ಹಿಡಿದುಕೊಂಡು, ತುದಿಗಾಲಲ್ಲಿ ಹೊರಗೆ ಬಂದು, ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡಳು.