ರಜೆಯ ದಿನದ ಪಂಕ್ಚರ್

"ಚೂಟಿ, ಬಾ ಇಲ್ಲಿ. ರಜೆ ದಿನ ಬೀಗ ಹಾಕಿದ್ದ ಅಂಗಡಿಯೊಳಗೆ ದೆವ್ವಗಳು ಬಂದು ಪಂಕ್ಚರ್ ಹಾಕಿಸ್ಕೊಂಡು ಹೋದ್ವಾ?"

ಅಮ್ಮ ಮನೆಗೆ ತಂದಿದ್ದ ಅಂಗಡಿಯ ಲ್ಯಾಪ್‌ಟಾಪನ್ನು ಚೂಟಿಯ ಕಡೆಗೆ ತಿರುಗಿಸಿದಳು. ಮಾತು ತಮಾಷೆಯದು, ಮುಖ ತಮಾಷೆಯದಲ್ಲ.

ಅಮ್ಮ ಸೈಕಲ್ ಅಂಗಡಿಯಲ್ಲಿ ಬಿಲ್ ಮಾಡುತ್ತಾಳೆ. ಅದೇ ಅಂಗಡಿಯ ಮೂಲೆಯಲ್ಲಿ ಅಜ್ಜ ರಿಪೇರಿಗೆ ಕೂರುತ್ತಾನೆ. ಈಗ ಅಂಗಡಿಯ ಯಜಮಾನರು ಅಮ್ಮನನ್ನು ಡೇಟಾಬೇಸ್ ಕ್ಲಾಸಿಗೆ ಸೇರಿಸಿದ್ದಾರೆ. ಬಿಲ್ಲುಗಳೆಲ್ಲ ಪಟ್ಟಿಗಳಲ್ಲಿ, ಅಂದರೆ ಟೇಬಲ್‌ಗಳಲ್ಲಿ ಸಾಲುಸಾಲಾಗಿ ಕೂತಿರುತ್ತವೆ. ಬೇಕಾದ್ದನ್ನು ಕ್ವೆರಿ ಬರೆದು ಕೇಳಬೇಕು. ಕ್ವೆರಿ ಅಂದರೆ ಪ್ರಶ್ನೆ, ಅಷ್ಟೇ. ಯಜಮಾನರು ಕೊಟ್ಟ ಮೊದಲ ಪ್ರಶ್ನೆ: ಯಾವ ವಿಭಾಗದಲ್ಲಿ ವ್ಯಾಪಾರ ಕಡಿಮೆ? ಅದನ್ನು ಮುಚ್ಚಿಬಿಡೋಣ.

ಉತ್ತರದಲ್ಲಿ ಎಲ್ಲಕ್ಕಿಂತ ಕೆಳಗೆ ಬಂದದ್ದು ರಿಪೇರಿ.

ನಿನ್ನೆ ಅಮ್ಮ ಅಡುಗೆಮನೆಗೆ ಹೋದಾಗ ಚೂಟಿ ಸುಮ್ಮನಿರಲಿಲ್ಲ. ರಿಪೇರಿಯ ಟೇಬಲ್ಲಿಗೆ ಒಂದರ ಮೇಲೊಂದು ಸಾಲು ತುಂಬಿದಳು. ಪಂಕ್ಚರ್, ಬ್ರೇಕ್, ಚೈನ್. ತಾರೀಕು ಹಾಕುವಾಗ ಅಂಗಡಿಯ ವಾರದ ರಜೆ ನೆನಪಾಗಲಿಲ್ಲ.

"ಅಜ್ಜನ ಕೆಲಸ ಹೋಗ್ಬಾರ್ದು ಅಂತ..." ಚೂಟಿ ಒಪ್ಪಿಕೊಂಡಳು.

ಬಾಗಿಲ ಬಳಿ ಅಜ್ಜ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. "ನಾನು ಮಾಡದ ಕೆಲಸ ನನ್ನ ಲೆಕ್ಕಕ್ಕೆ ಬೇಡ ಕಂದಾ," ಎಂದ. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಚೂಟಿ ತಾನು ಸೇರಿಸಿದ ಸಾಲುಗಳನ್ನು ತಾನೇ ಹುಡುಕಿ ಅಳಿಸಿದಳು. ರಿಪೇರಿ ಮತ್ತೆ ತಳಕ್ಕಿಳಿಯಿತು. ಅವಳು ಅದನ್ನೇ ನೋಡುತ್ತ ಕೂತಳು.

"ಅಮ್ಮಾ, ಅಜ್ಜನ ಹತ್ರ ರಿಪೇರಿ ಮಾಡಿಸ್ದೋರು ಆಮೇಲೆ ನಮ್ಮಲ್ಲೇ ಹೊಸ ಸೈಕಲ್ ತಗೊಂಡಿದ್ದಾರಾ? ಅದನ್ನ ಕೇಳೋಕಾಗುತ್ತಾ?"

"ಆಗುತ್ತೆ. ರಿಪೇರಿದು, ಮಾರಾಟದ್ದು, ಎರಡು ಟೇಬಲ್ಲಲ್ಲೂ ಫೋನ್ ನಂಬರ್ ಇದೆ. ಒಂದೇ ನಂಬರ್ ಇರೋ ಸಾಲುಗಳನ್ನ ಜೋಡಿಸ್ಬೇಕು. ಕ್ಲಾಸಲ್ಲಿ ಮೊನ್ನೆ ತಾನೇ ಹೇಳ್ಕೊಟ್ರು. ಆದ್ರೆ ಚೂಟಿ, ಒಂದು ಹೆಸರೂ ಬರದೇ ಇರ್ಬಹುದು."

ಚೂಟಿ ಲ್ಯಾಪ್‌ಟಾಪನ್ನು ಅಮ್ಮನ ಕಡೆಗೆ ತಳ್ಳಿದಳು. "ಬರದಿದ್ರೆ ಬರ್ಲಿಲ್ಲ ಅಂತಾನೇ ಹೇಳು."

ಅಮ್ಮನ ಕ್ವೆರಿ ಮೊದಲು ತಪ್ಪಾಯಿತು. ತಿದ್ದಿದಳು, ಮತ್ತೆ ಎಂಟರ್ ಒತ್ತಿದಳು. ಹೆಸರುಗಳು ಬಂದವು. ಚೂಟಿ ಆಸೆಪಟ್ಟಷ್ಟು ಇರಲಿಲ್ಲ.

ಅಜ್ಜ ಕನ್ನಡಕ ಏರಿಸಿ ಬಗ್ಗಿದ. "ಇವ್ಳು ಹಾಲು ಹಾಕೋಳು. ಇವ್ರು ಡ್ರಾಯಿಂಗ್ ಮೇಷ್ಟ್ರು. ಬ್ರೇಕೇ ಹಿಡಿಯಲ್ಲ ಪುಣ್ಯಾತ್ಮ, ಕಾಲೂರಿ ನಿಲ್ಲಿಸ್ತಾರೆ. ಇದು ಆ ಅವಳಿ ಮಕ್ಕಳ ತಾಯಿ..."

"ಇಷ್ಟು ಸಾಕಾಗುತ್ತಾ ಅಮ್ಮಾ?"

"ಗೊತ್ತಿಲ್ಲ. ನಾಳೆ ಯಜಮಾನ್ರ ಮುಂದೆ ಎರಡೂ ಉತ್ತರ ಇಡ್ತೀನಿ. ರಿಪೇರಿಲಿ ವ್ಯಾಪಾರ ಕಡಿಮೆ ಅನ್ನೋದೂ, ರಿಪೇರಿಗೆ ಬಂದ ಇವ್ರೆಲ್ಲ ನಮ್ಮಲ್ಲೇ ಸೈಕಲ್ ತಗೊಂಡ್ರು ಅನ್ನೋದೂ."

ಚೂಟಿಯ ಕೈ ಕೀಬೋರ್ಡಿನ ಪಕ್ಕದಲ್ಲೇ ಇತ್ತು. ಇನ್ನೂ ನಾಲ್ಕು ಹೆಸರು ಸೇರಿಸುವುದು ಎಷ್ಟು ಹೊತ್ತಿನ ಕೆಲಸ? ಆದರೆ ಅಜ್ಜ ಒಂದೊಂದೇ ಹೆಸರು ಓದುತ್ತ ಹೋಗುತ್ತಿದ್ದ. ಅವನು ಗುರುತು ಹಿಡಿಯದ ಹೆಸರು ಅದರಲ್ಲಿ ಒಂದೂ ಇರಲಿಲ್ಲ. ಅವಳು ಕೈ ಹಿಂದಕ್ಕೆಳೆದುಕೊಂಡಳು.