ಡಬ್ಬಿಯ ಮೇಲಿನ ಗೀಜಗ

"ಇನ್ನೊಂದು ಹೆಜ್ಜೆ ಇಟ್ಟರೆ ಅಳಿಯ ಅಂತಲೂ ನೋಡಲ್ಲ!"

ಬಂದೂಕಿನ ಎರಡು ಕಣ್ಣುಗಳು ನನ್ನ ಎದೆಯನ್ನೇ ನೋಡುತ್ತಿದ್ದವು. ಅವುಗಳ ಹಿಂದೆ ಮಾವನ ಎರಡು ಕಣ್ಣುಗಳು. ಒದ್ದೆಯಾಗಿದ್ದವು ಮಾವನವು ಮಾತ್ರ.

ನಾನು ನಿಂತೆ.

ಮೊದಲಿನಿಂದ ಹೇಳು ಅಂದಿರಿ, ಇನ್ಸ್‌ಪೆಕ್ಟರ್ ಸಾಹೇಬರೇ. ನನಗೆ ಮೊದಲು ಅಂದರೆ ಇದೇ. ಇವತ್ತು ಮಧ್ಯಾಹ್ನ... ಮಾವನ ವರ್ಕ್‌ಶಾಪು.

ನನ್ನ ಕಸುಬು ನಿಮಗೆ ಗೊತ್ತು. ದೊಡ್ಡವರು ಚೆಲ್ಲಿದ್ದನ್ನು ಸದ್ದಿಲ್ಲದೆ ಒರೆಸುವುದು. ಬಂದೂಕು ಕಂಪನಿಗೆ ನಾನು ಆ ಒರೆಸುವ ಬಟ್ಟೆ.

ಬೆಂಚಿನ ಮೇಲೆ, ಕಬ್ಬಿಣ ಕಚ್ಚಿ ಹಿಡಿಯುವ ವೈಸಿನ ಪಕ್ಕದಲ್ಲಿ, ಒಂದು ಗಂಟು. ಹಸಿರು ಶಾಲಿನಲ್ಲಿ ಸುತ್ತಿದ್ದು. ಶಾಲು ನನ್ನ ಹೆಂಡತಿಯದು. ಒಳಗಿದ್ದದ್ದು ಅವಳನ್ನು ಕೊಂದ ಬಂದೂಕು.

"ಕೊಡಿ ಮಾವ. ಕಂಪನಿಯವರು ಕರಗಿಸಿಬಿಡ್ತಾರಂತೆ. ನನಗೂ ಅದೇ ಬೇಕು!"

"ನಾನೇ ಕಾಯಿಸಿ ಬಡಿದು ಮುದ್ದೆ ಮಾಡ್ತೀನಿ. ಕುಲುಮೆ ಉರೀತಿರೋದು ಕಾಣಿಸ್ತಿಲ್ವಾ?"

"ಮತ್ತೆ ನನ್ನ ಎದೆಗೆ ಯಾಕೆ ಗುರಿ?"

"ನೀನು ಅದನ್ನ ಬಿಚ್ಚಬಾರದು. ಅಷ್ಟೇ."

ಇಬ್ಬರಿಗೂ ಬೇಕಾದದ್ದು ಒಂದೇ. ಆದರೂ ನಡುವೆ ಒಂದು ಬಂದೂಕು... ಏನೋ ಸರಿಯಿಲ್ಲ!

ಮಾವ ನನ್ನ ಹೆಂಡತಿಯನ್ನು ಕರೆಯುತ್ತಿದ್ದದ್ದು ಗೀಜಗ ಎಂದು, ಸಾಹೇಬರೇ. ಮಗುವಾಗಿದ್ದಾಗ ಅಪ್ಪನ ಬೆಂಚಿನ ಕೆಳಗೆ ಕುಳಿತು, ಉಜ್ಜುಗೊರಡಿನಿಂದ ಉದುರಿದ ಮರದ ಸುರುಳಿಗಳನ್ನು ಆಯ್ದು ಗೂಡು ಹೆಣೆಯುತ್ತಿದ್ದಳಂತೆ. ಮಾವ ಆ ವರ್ಷ ತಾವು ದುಡಿಯುತ್ತಿದ್ದ ಕಾರ್ಖಾನೆಯಲ್ಲಿ ಕಟ್ಟಿದ ಜೋಡುನಳಿಗೆ ಬಂದೂಕಿಗೆ ಅದೇ ಹೆಸರಿಟ್ಟರು. ಉಕ್ಕಿನ ಮೇಲೆ ಪುಟ್ಟ ಹಕ್ಕಿ, ಕೊಕ್ಕಿನಲ್ಲಿ ಒಂದು ಎಳೆ. ಬಂದೂಕು ಬಲ್ಲವರು ಆ ಹೆಸರನ್ನು ಮೆಲ್ಲಗೆ ಹೇಳುತ್ತಿದ್ದರು, ಮನೆಮಗಳನ್ನು ಕರೆದ ಹಾಗೆ.

ಆಮೇಲೆ ಕಾರ್ಖಾನೆ ಮುಳುಗಿತು. ಯಂತ್ರ, ಬೆಂಚು, ಕಿಟಕಿ ಬಾಗಿಲುಗಳ ಜತೆ ಹೆಸರನ್ನೂ ಈಗಿನ ಈ ಕಂಪನಿ ಕೊಂಡಿತು. ಹೋದ ವರ್ಷ ಹೊಸ ಗೀಜಗ ಬಂತು. ಕಪ್ಪು ಪ್ಲಾಸ್ಟಿಕ್ ಹಿಡಿ. ಒಂದೇ ನಳಿಗೆ. ತನ್ನ ತೋಟಾಗಳನ್ನು ತಾನೇ ತುಂಬಿಕೊಳ್ಳುವ ಮೆಷಿನ್ನು. ಹಳೆಯದರಲ್ಲಿ ಉಳಿದದ್ದು ಹಕ್ಕಿ ಮಾತ್ರ. ಜಾಹೀರಾತಿನವರು ಅದನ್ನು ಪರಂಪರೆ ಎಂದರು!

ಮಾವ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ಒಂದೇ ಮಾತು ಕೇಳಿದ್ದರು. "ನನ್ನ ಮಗಳ ಅಂಗಿ ತೊಟ್ಟುಕೊಂಡು ಬಂದಿರೋದು ಯಾರಪ್ಪ ಇದು?"

ಎರಡು ತಿಂಗಳ ಹಿಂದೆ, ಶೂಟಿಂಗ್ ರೇಂಜಿನಲ್ಲಿ, ಗುರಿಗೆಂದು ಎಸೆದ ಮಣ್ಣಿನ ಬಿಲ್ಲೆ ಆಕಾಶಕ್ಕೆ ಹಾರಿತು. ಅವಳು ಅಪ್ಪನ ಹಳೆಯ ಜೋಡುನಳಿಗೆಯನ್ನು ಕೆನ್ನೆಗೆ ಒತ್ತಿಕೊಂಡಳು. ಟ್ರಿಗರ್ ಎಳೆದಳು. ನಳಿಗೆ ಸಿಡಿಯಿತು.

ಬಿಲ್ಲೆ ಇಡಿಯಾಗಿ ಹುಲ್ಲಿನ ಮೇಲೆ ಬಂದು ಬಿದ್ದಿತಂತೆ. ನಾನು ಅಲ್ಲಿರಲಿಲ್ಲ.

'ನನ್ನ ಲೋಹವೇ ಸರಿಯಿರಲಿಲ್ಲ' ಎಂದು ಮಾವ ನಿಮ್ಮೆದುರೇ ಹೇಳಿಕೆ ಕೊಟ್ಟರು. ನೀವು ನಳಿಗೆಯೊಳಗೆ ನೋಡದೆಯೇ ಬಂದೂಕನ್ನು ಅವರಿಗೆ ಹಿಂದಿರುಗಿಸಿ ಫೈಲು ಮುಚ್ಚಿದಿರಿ. ಊರು ಅವರ ಮುಖಕ್ಕೆ ಬಾಗಿಲು ಮುಚ್ಚಿತು.

ನಾನೂ ಮುಚ್ಚಿದೆ.

ಅದಕ್ಕೇ ಆ ಬಂದೂಕನ್ನು ತಂದುಕೊಡುವ ಈ ಕೆಲಸ ಒಪ್ಪಿಕೊಂಡದ್ದು. ಕಂಪನಿ ಯಾಕೆ ಕೇಳುತ್ತಿದೆ ಎಂದು ನಾನು ಕೇಳಲಿಲ್ಲ. ನನ್ನ ಮನೆಯನ್ನು ತಿಂದ ಆ ಕಬ್ಬಿಣ ಕರಗಿ ನೀರಾದರೆ ಸಾಕಿತ್ತು.

ನಾನು ಗಂಟಿನತ್ತ ನೋಡಿದೆ. ಮಾವನೂ ನೋಡಿದರು. ಅಷ್ಟು ಸಾಕಾಯಿತು!

ನುಗ್ಗಿದೆ. ಅವರ ನಳಿಗೆಯನ್ನು ಮೇಲಕ್ಕೆ ತಳ್ಳಿದೆ.

ಢಮ್!

ತಗಡಿನ ಚಾವಣಿ ಜರಡಿಯಾಗಿ, ಬೆಳಕು ಸಣ್ಣ ಸಣ್ಣ ಕಾಳುಗಳಾಗಿ ನೆಲಕ್ಕೆ ಉದುರಿತು. ಗಂಟು ನನ್ನ ಕೈಯಲ್ಲಿತ್ತು. ಬಿಚ್ಚಿದೆ.

ಬಲನಳಿಗೆ ಬುಡದಲ್ಲಿ ಸಿಪ್ಪೆಯಂತೆ ಸುಲಿದುಕೊಂಡಿತ್ತು. ಸುಲಿದ ಕಡೆ ತೋಟಾದ ಖಾಲಿ ಕೊಳವೆ ಇನ್ನೂ ಕಚ್ಚಿಕೊಂಡೇ ಇತ್ತು. ಕೆಂಪು ಬಣ್ಣ. ಅದರ ಮೇಲೊಂದು ಹಕ್ಕಿ. ಕೊಕ್ಕಿನಲ್ಲಿ ಎಳೆ.

"ಮಾವ... ಇದು ಹೊಸ ಗೀಜಗದ ತೋಟಾ. ಇದರೊಳಗೆ ಹೇಗೆ ಬಂತು?"

ಅವರು ಬಂದೂಕನ್ನು ಬೆಂಚಿಗೆ ಒರಗಿಸಿದರು. ಸ್ಟೂಲಿನ ಮೇಲೆ ಕುಳಿತರು.

"ಒಂದು ಉಗುರಿನಷ್ಟು ಉದ್ದ ಜಾಸ್ತಿ," ಅಂದರು. "ತೋಟಾದ ಬಾಯಿ ಮಡಚಿರುತ್ತಲ್ಲ... ಹಾಕುವಾಗ ಸಲೀಸಾಗಿ ಹೋಗುತ್ತೆ. ಹಾರಿಸಿದಾಗ ಬಾಯಿ ಬಿಚ್ಚೋಕೆ ಹಳೇ ನಳಿಗೇಲಿ ಜಾಗ ಇಲ್ಲ. ಮದ್ದೂ ಜೋರು, ಒತ್ತಡ ತಡೀದೆ ನಳಿಗೆ ಸಿಡಿಯುತ್ತೆ."

"ಅಂದರೆ ನಿಮ್ಮ ಲೋಹ?"

"ಚೆನ್ನಾಗೇ ಇತ್ತು." ಕಳ್ಳತನ ಒಪ್ಪಿಕೊಳ್ಳುವವರ ದನಿ!

"ಮತ್ತೆ ಯಾಕೆ ಸುಳ್ಳು ಹೇಳಿದ್ರಿ? ಯಾರನ್ನ ಉಳಿಸೋಕೆ?"

"ಬಿಚ್ಚಬೇಡ ಅಂದೆನಲ್ಲಪ್ಪ..."

ಆಗ ನೆನಪಾಯಿತು, ಸಾಹೇಬರೇ. ಡಬ್ಬಿ.

ಹೊಸ ಬಂದೂಕಿನ ಬಿಡುಗಡೆಯ ಪಾರ್ಟಿ. ಬಂದವರಿಗೆಲ್ಲ ಒಂದೊಂದು ಡಬ್ಬಿ ತೋಟಾ ಉಡುಗೊರೆ. ನನಗೂ ಒಂದು. ಮನೆಗೆ ತಂದು ಅವಳ ಕೈಗಿಟ್ಟೆ. ಅವಳು ಮೇಲಿನ ಹೆಸರು ಓದಿ ಬಿದ್ದು ಬಿದ್ದು ನಕ್ಕಳು.

"ಅಯ್ಯೋ, ನನ್ನನ್ನ ಡಬ್ಬಿಗೆ ಹಾಕಿದಾರೆ ನೋಡ್ರೀ! ಅಪ್ಪನ ಬಂದೂಕಿಗೆ ಆಗುತ್ತಾ ಇದು?"

"ಹೆಸರೇ ಇದೆಯಲ್ಲೇ!"

ಹಾಗೆಂದವನು ನಾನು.

ಅವಳು ಯಾವಾಗಲೂ ಬಳಸುತ್ತಿದ್ದದ್ದು ಅಪ್ಪ ತುಂಬಿಕೊಟ್ಟ ತೋಟಾಗಳನ್ನೇ. ಆ ಡಬ್ಬಿ ಕಪಾಟಿನಲ್ಲಿ ಉಳಿದಿದೆ ಅಂದುಕೊಂಡು ಮರೆತಿದ್ದೆ. ಆದರೆ ರೇಂಜಿಗೆ ಹೋದ ಆ ಬೆಳಗ್ಗೆ ಅವಳು ಮಾವನಿಗೆ ಫೋನ್ ಮಾಡಿದ್ದಳಂತೆ. 'ಅಪ್ಪಾ, ನಿಮ್ಮ ಅಳಿಯಂದಿರು ನನಗೆ ಉಡುಗೊರೆ ತಂದಿದ್ದಾರೆ!' ಏನು ಉಡುಗೊರೆ ಎಂದು ಮಾವ ಕೇಳಿರಲಿಲ್ಲ.

"ನಾನು ಮುದುಕ," ಅಂದರು ಮಾವ. "ಕೆಟ್ಟ ಕೆಲಸಗಾರ ಅನ್ನಿಸಿಕೊಂಡು ಸಾಯೋದು ಕಷ್ಟವೇನಲ್ಲ. ನೀನು ಇದನ್ನ ಹೊತ್ತುಕೊಂಡು ಎಷ್ಟು ವರ್ಷ ಬದುಕಬೇಕು, ಹೇಳು..."

ಹೊರಗೆ ಕಾರಿನ ಬಾಗಿಲು ಬಡಿದ ಸದ್ದು.

ಕಂಪನಿಯ ವಕೀಲ! ಎಂಥ ಬಿಸಿಲಿನಲ್ಲೂ ಟೈ ಸಡಿಲಿಸದವನು. ಎಲ್ಲರೂ ಅವನನ್ನು ಟೈ ಎಂದೇ ಕರೆಯುವುದು. ಹಿಂದೆ ಕುತ್ತಿಗೆಯೇ ಇಲ್ಲದ ಇಬ್ಬರು ದಾಂಡಿಗರು.

"ಗುಂಡಿನ ಸದ್ದು ಕೇಳಿಸ್ತು. ಎಲ್ಲ ಕ್ಷೇಮ ತಾನೇ?"

"ಈ ತೋಟಾ ವಿಷಯ ನಿನಗೆ ಗೊತ್ತಿತ್ತಾ?" ಅಂದೆ.

"ಡಬ್ಬಿ ಮೇಲೆ ಹಳೇ ಬಂದೂಕಿಗೆ ಹಾಕಬೇಡಿ ಅಂತ ಹಾಕಿಸಬೇಕಿತ್ತು. ತಪ್ಪಿಹೋಯ್ತು. ಈಗ ಹಾಕಿಸ್ತಿದ್ದೀವಿ. ಗಂಟು ಕೊಡಿ ಸಾರ್."

"ಕೊಡದಿದ್ದರೆ?"

"ಆಯಮ್ಮನ ಕೈಗೆ ಡಬ್ಬಿ ಕೊಟ್ಟಿದ್ದು ಕಂಪನಿಯಲ್ಲ, ನೀವು. ಪಾರ್ಟಿಯಲ್ಲಿ ನಿಮ್ಮ ಕೈಗೆ ಕೊಟ್ಟವನೇ ನಾನಲ್ವಾ? ಕೋರ್ಟಿನಲ್ಲಿ ಮೊದಲ ಪ್ರಶ್ನೆ ಅದನ್ನೇ ಕೇಳ್ತೀನಿ!"

"ಕೊಟ್ಟುಬಿಡಪ್ಪ," ಅಂದರು ಮಾವ. ಬೇಡಿಕೊಂಡರು.

ಕೊಟ್ಟರೆ ನಾನು ಹೆಂಡತಿಯನ್ನು ಕಳೆದುಕೊಂಡ ಬಡಪಾಯಿ. ಮಾವ ಮಗಳನ್ನು ಕೊಂದ ಕಸುಬುದಾರ. ಇಬ್ಬರೂ ಮಣ್ಣಾಗುವವರೆಗೆ.

"ತಗೊಳ್ಳಿ," ಅಂದೆ...

ಅಂದು, ಕಾದ ಕಬ್ಬಿಣ ಅದ್ದುವ ನೀರಿನ ತೊಟ್ಟಿಯನ್ನು ಒದ್ದೆ. ಅದು ಉರಿಯುವ ಕುಲುಮೆಯ ಮೇಲೆ ಮಗುಚಿತು!

ಭುಸ್ಸ್! ಕೋಣೆ ತುಂಬ ಹಬೆ, ಬಿಳಿಯ ಕುರುಡು. ಯಾರೋ ಕೆಮ್ಮಿದರು. ಯಾರದೋ ಮುಷ್ಟಿ ನನ್ನ ಕಿವಿಯನ್ನು ಹುಡುಕಿಕೊಂಡು ಬಂತು, ಸಿಕ್ಕಿತು. ಹಿಂಬಾಗಿಲು ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಅವಳನ್ನು ಮೊದಲು ಭೇಟಿಯಾಗಲು ಬರುತ್ತಿದ್ದದ್ದು ಅದೇ ಬಾಗಿಲಿಂದ.

ಓಡಿದೆ!

ಹಿಂದಿನಿಂದ ಮಾವನ ದನಿ. "ಇನ್ನೊಂದು ನಳಿಗೆ ತುಂಬಿದೆ ಕಣ್ರೋ! ಯಾರು ಮೊದಲು ಬರ್ತೀರಿ?"

ಕುತ್ತಿಗೆಯಿಲ್ಲದವರಲ್ಲಿ ಒಬ್ಬ ಆ ಮಾತು ನಂಬಿ ನಿಂತ. ಇನ್ನೊಬ್ಬ ನನ್ನ ಬೆನ್ನು ಹತ್ತಿದ. ಒಣಹಾಕಿದ ಬಟ್ಟೆಗಳು ಮುಖಕ್ಕೆ ಬಡಿದವು. ಗೋಡೆ ಹಾರಿದೆ. ಮೊಣಕಾಲು ಮುರಿದಂತಾಯಿತು. ಗಲ್ಲಿಯ ತುದಿಯಲ್ಲಿ ಟೈನ ಕಾರು ಅಡ್ಡ ಬಂತು! ಬಾನೆಟ್ಟಿನ ಮೇಲೆ ಹತ್ತಿ ಆಚೆ ಬಿದ್ದೆ. ಎದ್ದೆ. ಎದೆಗವಚಿದ ಗಂಟನ್ನು ಮಾತ್ರ ಬಿಡಲಿಲ್ಲ. ಅವಳು ಬದುಕಿದ್ದಾಗ ಅಷ್ಟು ಬಿಗಿಯಾಗಿ ಹಿಡಿದುಕೊಂಡದ್ದು ನೆನಪಿಲ್ಲ.

ನಿಮ್ಮ ಸ್ಟೇಷನ್ನಿನ ಮೆಟ್ಟಿಲ ಮೇಲೆ ನಾನು ಬಿದ್ದದ್ದನ್ನು ನೀವೇ ನೋಡಿದಿರಿ.

ಇಗೋ, ನಿಮ್ಮ ಮೇಜಿನ ಮೇಲಿದೆ. ಕೆಂಪು ಕೊಳವೆಯನ್ನು ಅಳೆಯಿರಿ. ನಳಿಗೆಯ ಬುಡವನ್ನೂ ಅಳೆಯಿರಿ.

ನೀವು ಕರೆಸಿದ ಮಾವ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾರೆ. ಶಾಲನ್ನು ಅವರಿಗೆ ಹಿಂದಕ್ಕೆ ಕೊಟ್ಟೆ. ಮಡಿಲಲ್ಲಿಟ್ಟುಕೊಂಡು ಮಡಚುತ್ತಿದ್ದಾರೆ, ಬಿಚ್ಚುತ್ತಿದ್ದಾರೆ, ಮತ್ತೆ ಮಡಚುತ್ತಿದ್ದಾರೆ. ಆ ಎರಡನೇ ನಳಿಗೆ ಖಾಲಿಯಿತ್ತಂತೆ, ಸಾಹೇಬರೇ. ಹಾಕಿದ್ದದ್ದು ಒಂದೇ ತೋಟಾ... ಅದೂ ಚಾವಣಿಗೆ ಎಂದು.

ಏನಂದಿರಿ? ಈ ಹೇಳಿಕೆ ನನಗೇ ಮುಳುವಾಗುತ್ತದೆಯೇ?

ಗೊತ್ತು.

ಅವರ ಹಳೆಯ ಹೇಳಿಕೆಯನ್ನು ಹರಿದುಹಾಕಿ. ಡಬ್ಬಿಯನ್ನು ಅವಳ ಕೈಗೆ ಕೊಟ್ಟವನು ಎಂಬಲ್ಲಿ ನನ್ನ ಹೆಸರು ಬರೆಯಿರಿ. ಎಲ್ಲರಿಗೂ ಕಾಣುವ ಹಾಗೆ, ದಪ್ಪಕ್ಷರದಲ್ಲಿ ಬರೆಯಿರಿ.

ಹಳೆಯ ಹೆಸರುಗಳಿಗೆ ಈಗ ಭಾರಿ ಬೇಡಿಕೆಯಂತೆ... ನನ್ನ ಈ ಹೆಸರೊಂದನ್ನು ಕೊಳ್ಳಲು ಮಾತ್ರ ಯಾರೂ ಬರುವುದಿಲ್ಲ!